ಹಿತ್ತಲ ಕಸಕ್ಕೆ ಕಡ್ಡಿ ಗೀರಿದ ಮೇಲೆ

ಕಳೆದ ವರ್ಷ ಶಿವರಾತ್ರಿ ಮುಗಿದ ಮೂರನೆಯ ದಿನ. ಬೆಳಿಗ್ಗೆ ಎಂಟೂವರೆಯ ಹೊತ್ತು. ನಾನು ಪಡಸಾಲೆಯಲ್ಲಿ ಕುಳಿತು ಪಿಡಿಒ ಪರೀಕ್ಷೆಗೆ ಓದುತ್ತಿದ್ದೆ. ಮುಂದೆ ತೆರೆದಿಟ್ಟಿದ್ದ ಟಿಪ್ಪಣಿ ಆಗ ಜಾರಿಯಲ್ಲಿದ್ದ ‘ಘನತ್ಯಾಜ್ಯ ನಿರ್ವಹಣೆ ನಿಯಮಗಳು, 2016’. ಅದರ ನಾಲ್ಕನೆಯ ನಿಯಮ, ಕಸ ಮಾಡುವವರ ಕರ್ತವ್ಯಗಳು. ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರು ಪಾಲು ಮಾಡಬೇಕು. ಕೈತೋಟದ ಕಸವನ್ನು ಬೇರೆಯಾಗಿ ತಮ್ಮ ಆವರಣದಲ್ಲೇ ಇಟ್ಟುಕೊಂಡು, ಸ್ಥಳೀಯ ಸಂಸ್ಥೆ ಹೇಳಿದಂತೆ ವಿಲೇವಾರಿ ಮಾಡಬೇಕು. ಬೀದಿಯಲ್ಲಿ, ಸಾರ್ವಜನಿಕ ಜಾಗದಲ್ಲಿ ಕಸ ಎಸೆಯಬಾರದು, ಸುಡಬಾರದು, ಹೂಳಬಾರದು. ಕಣ್ಣು ಮುಚ್ಚಿ ಎರಡು ಸಲ ಹೇಳಿಕೊಂಡೆ. ತಪ್ಪಿಲ್ಲದೆ ಬಂತು.

ಅಷ್ಟರಲ್ಲಿ ಅವ್ವ ಕೂಗಿದಳು. ‘ಓದೂದ ಆಮ್ಯಾಲ ಓದ್ವಂತಿ, ಹಿತ್ತಲದಾಗ ಕಸಾ ಹೊಡದ ಬಾರವಾ. ಬೇವಿನೆಲಿ ಮೊಣಕಾಲ ಮಟಾ ಬಿದ್ದಾವ.’

ನವಲಗುಂದ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಹಿತ್ತಲಲ್ಲಿ ಎರಡು ದೊಡ್ಡ ಬೇವಿನ ಮರ, ಒಂದು ನುಗ್ಗೆ, ಒಂದು ತೆಂಗು, ಬಚ್ಚಲ ನೀರಿಗೆ ನಾಲ್ಕು ಬಾಳೆ, ದಾಸವಾಳ, ಕರಿಬೇವು. ಶಿವರಾತ್ರಿ ಹೊತ್ತಿಗೆ ಬೇವು ಎಲೆ ಉದುರಿಸತೊಡಗಿದರೆ ಯುಗಾದಿಯವರೆಗೆ ದಿನಾ ಅದೇ ಕೆಲಸ. ನಾನು ಸರಸರ ಗುಡಿಸಿ, ಗೋಡೆಯ ಮೂಲೆಗೆ ಗುಂಪಿ ಮಾಡಿ, ಕಡ್ಡಿ ಗೀರಿದೆ. ಹೊಗೆ ಎದ್ದದ್ದು ಕಂಡು ಒಳಗೆ ಬಂದು ಮತ್ತೆ ಪುಸ್ತಕ ಹಿಡಿದೆ. ಪ್ರತಿ ವರ್ಷ ಮಾಡುತ್ತಿದ್ದದ್ದು ಅದನ್ನೇ.

ಐದು ನಿಮಿಷ ಆಗಿರಲಿಲ್ಲ, ಓಣಿಯಲ್ಲಿ ಕೂಗಾಟ ಕೇಳಿಸಿತು. ಗೋಡೆಯಾಚೆ ಪಕ್ಕದ ಮನೆಯ ಕಾಕಾರ ಬಣವಿ ಹತ್ತಿಕೊಂಡಿತ್ತು. ಅದೇ ವಾರ ಹೊಲದಿಂದ ತಂದು ಒಟ್ಟಿದ್ದ ಹಿಂಗಾರಿ ಜೋಳದ ಕಣಕಿ. ಯಾವುದೋ ಒಂದು ಉರಿಯುವ ಎಲೆ ಗಾಳಿಗೆ ಹಾರಿ ಗೋಡೆ ದಾಟಿತ್ತು. ಓಣಿಯ ಜನ ಕೊಡ, ಬಕೆಟ್ ಹಿಡಿದು ಓಡಿ ಬಂದರು. ಔಷಧ ಹೊಡೆಯುವ ಟ್ಯಾಂಕಿನ ಟ್ರ್ಯಾಕ್ಟರ್ ಒಂದು ಬಂತು. ಕಾಕಾ ಉದ್ದನೆಯ ಕೋಲಿನಿಂದ ಉರಿಯುವ ಕಣಕಿಯನ್ನು ಎಳೆದೆಳೆದು ಕೆಳಗೆ ಕೆಡವಿದರು. ಅರ್ಧ ಬಣವಿ ಉಳಿಯಿತು. ಯಾರಿಗೂ ಏನೂ ಆಗಲಿಲ್ಲ.

ಎಲ್ಲ ಮುಗಿದ ಮೇಲೆ ಕಾಕಾ ಕಟ್ಟೆಯ ಮೇಲೆ ಕುಳಿತು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ. ‘ಓದಿದಾಕಿ ಇದ್ದೀಯವಾ. ಬೆಂಕಿ ಹಚ್ಚೂಮುಂದ ಗಾಳಿ ಯಾ ಕಡೆ ಐತಿ ಅಂತರ ನೋಡಬೇಕಲ್ಲ’ ಎಂದರು. ಅಷ್ಟೇ.

ಅಪ್ಪ ದುಡ್ಡು ಕೊಡಲು ಹೋದರು. ಕಾಕಾ ಅರ್ಧ ಮಾತ್ರ ತೆಗೆದುಕೊಂಡರು. ಆದರೆ ದುಡ್ಡು ಕೊಟ್ಟರೂ ಆ ಬೇಸಿಗೆಯಲ್ಲಿ ಊರಲ್ಲಿ ಮೇವು ಸಿಗಲಿಲ್ಲ. ಯುಗಾದಿ ಮುಗಿದು ಎರಡು ವಾರಕ್ಕೆ ಅವರು ಎರಡು ಎಮ್ಮೆಗಳಲ್ಲಿ ಒಂದನ್ನು ಸಂತೆಗೆ ಹೊಡೆದುಕೊಂಡು ಹೋದರು. ನಮ್ಮ ಮನೆಗೆ ದಿನಾ ಬೆಳಿಗ್ಗೆ ಬರುತ್ತಿದ್ದ ಹಾಲು ಆ ಎಮ್ಮೆಯದು.

2016ರ ನಿಯಮ ಅನ್ವಯಿಸುತ್ತಿದ್ದದ್ದು ಮುಖ್ಯವಾಗಿ ಪಟ್ಟಣಗಳಿಗೆ, ಪ್ರತಿ ಹಳ್ಳಿಗೂ ನೇರವಾಗಿ ಅಲ್ಲ ಎಂದು ಆಮೇಲೆ ಓದಿದೆ. ನಾನು ಸುಟ್ಟದ್ದು ಬೀದಿಯಲ್ಲೂ ಅಲ್ಲ, ನಮ್ಮದೇ ಹಿತ್ತಲಲ್ಲಿ. ಆ ನಿಯಮದ ಕಣ್ಣಿನಲ್ಲಿ ನಾನು ತಪ್ಪಿತಸ್ಥಳಲ್ಲದೆ ಇರಬಹುದು. ಆದರೆ ಎಮ್ಮೆ ಕಟ್ಟುತ್ತಿದ್ದ ಗೂಟ ದಿನಾ ಕಣ್ಣಿಗೆ ಬೀಳುತ್ತಿತ್ತು.

ತಿಪ್ಪೆ ಎಲ್ಲಿ ಹೋಯಿತು?

ನಮ್ಮ ಮನೆಯಲ್ಲಿ ಎಲೆ ಸುಡುವ ರೂಢಿ ಯಾವಾಗ ಶುರುವಾಯಿತು ಎಂದು ಅಜ್ಜಿಯನ್ನು ಕೇಳಿದೆ. ಆಕೆ ನಕ್ಕಳು. ‘ಸುಡಾಕ ಎಲ್ಲಿತ್ತವಾ ಎಲಿ? ಎಲ್ಲಾ ತಿಪ್ಪಿಗೆ ಹೋಗತಿತ್ತು.’

ಆಕೆ ಸೊಸೆಯಾಗಿ ಬಂದಾಗ ಮನೆಯಲ್ಲಿ ನಾಲ್ಕು ಎತ್ತು, ಎರಡು ಎಮ್ಮೆ, ಒಂದು ಆಕಳು. ಹಿತ್ತಲ ಕೊನೆಗೆ ತಿಪ್ಪೆ. ಬೆಳಿಗ್ಗೆ ಎದ್ದು ಹೆಂಡಿಕಸ ಬಳಿದು ಬುಟ್ಟಿಯಲ್ಲಿ ಹೊತ್ತು ಅಲ್ಲಿಗೇ ಹಾಕುವುದು. ಅದರ ಜೊತೆಗೆ ದನ ತಿಂದು ಬಿಟ್ಟ ಕಣಕಿಯ ಚೂರು, ಒಲೆಯ ಬೂದಿ, ಮನೆ ಗುಡಿಸಿದ ಮಣ್ಣು, ಉದುರಿದ ಎಲೆ. ಯುಗಾದಿಯಾಚೆ ಚಕ್ಕಡಿಗಟ್ಟಲೆ ಗೊಬ್ಬರ ಹೊಲಕ್ಕೆ ಹೋಗುತ್ತಿತ್ತು. ದೀಪಾವಳಿ ಪಾಡ್ಯದ ದಿನ ಸಗಣಿಯ ಪಾಂಡವರನ್ನು ಮಾಡಿ ಬಾಗಿಲಿಗೆ ಇಟ್ಟಂತೆ ತಿಪ್ಪೆಯ ಮೇಲೂ ಇಟ್ಟು ದೀಪ ಹಚ್ಚುತ್ತಿದ್ದರಂತೆ.

ಆಮೇಲೆ ಟ್ರ್ಯಾಕ್ಟರ್ ಬಂತು, ಎತ್ತು ಹೋದವು. ಅಪ್ಪ ಮತ್ತು ದೊಡ್ಡಪ್ಪ ಬೇರೆಯಾದಾಗ ಹಿತ್ತಲು ಎರಡು ಭಾಗವಾಯಿತು. ತಿಪ್ಪೆ ಇದ್ದ ಜಾಗದಲ್ಲಿ ಈಗ ನಮ್ಮ ಶೌಚಾಲಯ ಮತ್ತು ಬೈಕ್ ನಿಲ್ಲಿಸುವ ತಗಡಿನ ಶೆಡ್ ಇವೆ. ದನ ಇಲ್ಲ ಎಂದರೆ ಹೆಂಡಿ ಇಲ್ಲ. ಹೆಂಡಿ ಇಲ್ಲದೆ ತಿಪ್ಪೆ ಇಲ್ಲ. ತಿಪ್ಪೆ ಇಲ್ಲದ ಮನೆಯಲ್ಲಿ ಎಲೆ ಎಂದರೆ ಬರೀ ಕಸ, ಕಸಕ್ಕೆ ಕಡ್ಡಿಪೆಟ್ಟಿಗೆ. ನಮ್ಮ ಓಣಿಯ ಹದಿನಾಲ್ಕು ಮನೆಗಳಲ್ಲಿ ಈಗ ದನ ಇರುವುದು ಮೂರು ಮನೆಯಲ್ಲಿ ಮಾತ್ರ. ಎಲೆ ಉದುರುವ ಕಾಲದಲ್ಲಿ ಸಂಜೆ ಹೊತ್ತು ಉಳಿದ ಹಿತ್ತಲುಗಳಿಂದ ಹೊಗೆ ಏಳುತ್ತಿತ್ತು. ನಮ್ಮದೂ ಅದರಲ್ಲಿ ಒಂದಾಗಿತ್ತು.

ಉಳಿದ ತಿಪ್ಪೆಗಳೂ ಹಳೆಯ ತಿಪ್ಪೆಗಳಾಗಿ ಉಳಿದಿಲ್ಲ. ಗುಟ್ಕಾ ಚೀಟಿ, ಶಾಂಪೂ ಪೊಟ್ಟಣ, ಹಾಲಿನ ಪಾಕೀಟು, ಒಡೆದ ಟ್ಯೂಬ್‌ಲೈಟು ಎಲ್ಲವೂ ಅದರಲ್ಲೇ. ಆ ಗೊಬ್ಬರ ಹೊಲಕ್ಕೆ ಹೋದರೆ ಮುಂದಿನ ವರ್ಷ ಕುಂಟೆ ಹೊಡೆಯುವಾಗ ಪ್ಲಾಸ್ಟಿಕ್ ಮೇಲೆದ್ದು ಬರುತ್ತದೆ. ‘ಪುಗಸಟ್ಟೆ ಕೊಟ್ರೂ ಒಲ್ಲೆ’ ಎನ್ನುವ ರೈತರನ್ನು ನಾನೇ ಕಂಡಿದ್ದೇನೆ.

ಗಾಡಿ ಅಕ್ಕ ಒಯ್ಯಲಿಲ್ಲ

ಬಣವಿ ಸುಟ್ಟ ಮೇಲೆ ಸುಡುವುದಂತೂ ಬಿಟ್ಟೆ. ಎಲೆ ಬೀಳುವುದು ಬಿಡಲಿಲ್ಲ. ಗೊಬ್ಬರದ ಖಾಲಿ ಚೀಲಗಳಲ್ಲಿ ತುಂಬಿ, ಪಂಚಾಯಿತಿಯ ‘ಸ್ವಚ್ಛ ವಾಹಿನಿ’ ಗಾಡಿ ಹಾಡು ಹಾಕಿಕೊಂಡು ಬಂದಾಗ ಮೂರು ಚೀಲ ಮುಂದಿಟ್ಟೆ. ಗಾಡಿ ನಡೆಸುವವರು ನಮ್ಮೂರಿನ ಸ್ವಸಹಾಯ ಸಂಘದ ಅಕ್ಕ. ಮೊದಲು ಕೂಲಿಗೆ ಹೋಗುತ್ತಿದ್ದವರು, ತರಬೇತಿ ಪಡೆದು ಲೈಸನ್ಸ್ ಮಾಡಿಸಿಕೊಂಡು ಈಗ ಗಾಡಿ ಓಡಿಸುತ್ತಾರೆ. ಕೈಯಿಂದ ಒಂದು ಚೀಲ ಎತ್ತಿ ನೋಡಿ ಕೆಳಗಿಟ್ಟರು.

‘ಇದನ್ನ ನಾ ಒಯ್ಯೂದಿಲ್ಲವಾ. ಪ್ಲಾಸ್ಟಿಕ್ ಕೊಡು, ರಟ್ಟು ಕೊಡು, ಬಾಟ್ಲಿ ಕೊಡು. ಎಲಿ ಒಯ್ದು ಏನ ಮಾಡ್ಲಿ? ನೀವು ಎಲಿಯೊಳಗ ಗುಟ್ಕಾ ಚೀಟಿ ಕೂಡಿಸಿ ಕೊಡ್ತೀರಿ, ಅಲ್ಲಿ ನಾವು ಮೂರು ಮಂದಿ ಕೂತು ಒಂದೊಂದ ಆರಸಬೇಕಾಕ್ಕೈತಿ.’

ಆಗ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವರ ಮಾತು ಸರಿ. ಸ್ವಚ್ಛ ಭಾರತ ಮಿಷನ್ 2014ರ ಅಕ್ಟೋಬರ್ 2ರಂದು ಶುರುವಾದಾಗ ಹಳ್ಳಿಗಳಲ್ಲಿ ಶೌಚಾಲಯವೇ ಮುಖ್ಯವಾಗಿತ್ತು. 2020ರಿಂದ ಎರಡನೆಯ ಹಂತದಲ್ಲಿ ಘನ ಮತ್ತು ದ್ರವ ತ್ಯಾಜ್ಯಕ್ಕೆ ಒತ್ತು ಬಂತು. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಗಾಡಿ ಒಯ್ಯುವುದು ಒಣ ಕಸವನ್ನು. ಅದನ್ನು ಘಟಕದಲ್ಲಿ ಬೇರೆ ಬೇರೆ ಮಾಡಿ ಮಾರುತ್ತಾರೆ. ಹಸಿ ಕಸ, ಎಲೆ, ಕಡ್ಡಿ ಮನೆಯ ಹಿತ್ತಲಲ್ಲೇ ಗೊಬ್ಬರವಾಗಬೇಕು ಎಂಬುದು ಇದರ ಹಿಂದಿನ ಲೆಕ್ಕ. ಹಳ್ಳಿಯಲ್ಲಿ ಜಾಗ ಇದೆ, ಮಣ್ಣು ಇದೆ. ಹತ್ತು ಕಿಲೋಮೀಟರ್ ದೂರ ಡೀಸೆಲ್ ಸುಟ್ಟು ಎಲೆ ಸಾಗಿಸುವುದರಲ್ಲಿ ಅರ್ಥವಿಲ್ಲ.

ಸಾಗಿಸಿದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಕಲಘಟಗಿ ಕಡೆಯ ನನ್ನ ಗೆಳತಿ ಹುಬ್ಬಳ್ಳಿಯ ಕಾಲೇಜಿಗೆ ಬರುತ್ತಿದ್ದದ್ದು ಕಾರವಾರ ರಸ್ತೆಯಲ್ಲಿ. ವರ್ಷಗಟ್ಟಲೆ ಹುಬ್ಬಳ್ಳಿಯ ಕಸ ಬಿದ್ದು ಗುಡ್ಡವಾದದ್ದು ಆ ರಸ್ತೆಯಲ್ಲೇ. ಹೊಗೆ ಇದ್ದ ದಿನ ಬಸ್ಸಿನ ಕಿಟಕಿ ಮುಚ್ಚಿಕೊಳ್ಳುತ್ತಿದ್ದೆವು ಎನ್ನುತ್ತಿದ್ದಳು. ಹಸಿ ಕಸ ಗಾಳಿಯಾಡದೆ ಗುಡ್ಡದೊಳಗೆ ಕೊಳೆತರೆ ಮೀಥೇನ್ ಹುಟ್ಟುತ್ತದೆ, ಬೆಂಕಿ ಹತ್ತಲು ಅದೊಂದು ಕಾರಣ. ಬೆಂಗಳೂರಿನ ಕಸ ತಮ್ಮೂರಿಗೆ ಬೇಡ ಎಂದು ಹೊರವಲಯದ ಮಂಡೂರಿನ ಜನ ಹೋರಾಡಿ, 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತದ್ದನ್ನು ಓದಿದ್ದೇವೆ. ಊರಿನ ಕಸ ಊರಲ್ಲಿ ಕರಗದಿದ್ದರೆ ಅದು ಇನ್ನೊಬ್ಬರ ಊರಿಗೆ ಹೋಗುತ್ತದೆ.

ಪರೀಕ್ಷೆಗೆ ಓದುವವರು ಇನ್ನೊಂದು ಹೆಸರು ನೆನಪಿಡಬೇಕು. ಬೆಂಗಳೂರಿನ ಅಲ್ಮಿತ್ರಾ ಪಟೇಲ್. 1996ರಲ್ಲಿ ಅವರು ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ ದೇಶದ ಮೊದಲ ನಗರ ಘನತ್ಯಾಜ್ಯ ನಿಯಮಗಳು 2000ನೇ ಇಸವಿಯಲ್ಲಿ ಬಂದವು. ಅದೇ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್ 22ರಂದು ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸಾಮಾನ್ಯವಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಹೇಳಿತು.

ಮೂರು ಸಲ ಕೆಟ್ಟಿತು

ಹಿತ್ತಲ ಮೂಲೆಯಲ್ಲಿ ತಮ್ಮನ ಜೊತೆ ಸೇರಿ ಮೂರು ಅಡಿ ಆಳದ ಗುಂಡಿ ತೋಡಿದೆ. ಎರೆ ಭೂಮಿ, ಬೇಸಿಗೆಯಲ್ಲಿ ಕಲ್ಲಿನಂತೆ. ಎರಡು ದಿನ ಹಿಡಿಯಿತು. ಬೇವಿನೆಲೆ ತುಂಬಿಸಿ, ನಾಲ್ಕು ಕೊಡ ನೀರು ಹಾಕಿ, ಗೊಬ್ಬರ ಆಗುತ್ತದೆ ಎಂದು ಕಾದೆ. ಮೇ ತಿಂಗಳಲ್ಲಿ ತೆಗೆದು ನೋಡಿದರೆ ಎಲೆ ಹಾಕಿದ ಹಾಗೆಯೇ ಗರಿಗರಿಯಾಗಿತ್ತು.

ಎರಡನೆಯ ಸಲ ಅಡುಗೆ ಮನೆಯ ಮುಸುರಿ, ಉಳಿದ ಅನ್ನ, ಕಾಯಿಪಲ್ಲೆ ಸಿಪ್ಪೆ ಎಲ್ಲ ಸುರಿದೆ. ಹತ್ತು ದಿನಕ್ಕೆ ನೊಣ, ವಾಸನೆ, ಹುಳ. ಅವ್ವ ‘ಒಂದ ಬಣವಿ ಸುಟ್ಟಿ, ಈಗ ಮನ್ಯಾಗಿನ ಮಂದೀನ ಓಡಸ್ತಿ ಏನು?’ ಎಂದಳು. ನಗುತ್ತಲೇ ಅಂದದ್ದು, ಆದರೂ ಚುಚ್ಚಿತು.

ಮೂರನೆಯ ಸಲ ಸರಿಮಾಡುವ ಮೊದಲೇ ಜೂನ್ ಮಳೆ ಬಂತು. ಎರೆ ಮಣ್ಣು ನೀರು ಇಂಗಿಸಿಕೊಳ್ಳುವುದು ನಿಧಾನ. ಗುಂಡಿ ತುಂಬಿ ಕರಿ ನೀರು ನಿಂತು ಕಪ್ಪೆ ಕೂಗತೊಡಗಿದವು.

ಯಾಕೆ ಕೆಟ್ಟಿತು ಎಂದು ಪುಸ್ತಕ ತೆರೆದರೆ ಕಾರಣ ಸರಳವಾಗಿತ್ತು. ಕಸವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲವೂ ಬೇಕು, ಸಾರಜನಕವೂ ಬೇಕು. ಒಂದು ಪಾಲು ಸಾರಜನಕಕ್ಕೆ ಸುಮಾರು ಮೂವತ್ತು ಪಾಲು ಇಂಗಾಲ ಇದ್ದರೆ ಕೆಲಸ ಚೆನ್ನಾಗಿ ನಡೆಯುತ್ತದೆ. ಒಣ ಎಲೆಯಲ್ಲಿ ಇಂಗಾಲ ಬಹಳ ಹೆಚ್ಚು, ಅದಕ್ಕೇ ಮೊದಲ ಸಲ ಏನೂ ಆಗಲಿಲ್ಲ. ಮುಸುರಿಯಲ್ಲಿ ಸಾರಜನಕ ಮತ್ತು ನೀರು ಎರಡೂ ಹೆಚ್ಚು, ಗಾಳಿ ಇಲ್ಲ. ಅದಕ್ಕೇ ಎರಡನೆಯ ಸಲ ನಾರಿತು. ಎರಡನ್ನೂ ಕೂಡಿಸಬೇಕಿತ್ತು, ಹದವಾಗಿ ತೇವ ಇಡಬೇಕಿತ್ತು. ಮುಷ್ಟಿಯಲ್ಲಿ ಹಿಂಡಿದರೆ ಕೈಗೆ ಪಸೆ ಹತ್ತಬೇಕು, ನೀರು ತೊಟ್ಟಿಕ್ಕಬಾರದು. ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಹೆಂಡಿ ಬೇಕಿತ್ತು.

ಕಾಕಾರ ಕೊಟ್ಟಿಗೆ

ಹೆಂಡಿ ಇದ್ದದ್ದು ಕಾಕಾರ ಮನೆಯಲ್ಲಿ. ಬಣವಿ ಸುಟ್ಟ ಮೇಲೆ ಅವರ ಅಂಗಳಕ್ಕೆ ನಾನು ಕಾಲಿಟ್ಟಿರಲಿಲ್ಲ. ಎದುರು ಸಿಕ್ಕರೆ ತಲೆ ತಗ್ಗಿಸಿ ಹೋಗುತ್ತಿದ್ದೆ. ಮೂರು ದಿನ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ನಾಲ್ಕನೆಯ ದಿನ ಕಾಕಾ ಅವರೇ ಕರೆದು ‘ಏನವಾ?’ ಎಂದರು. ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ‘ಹೆಂಡಿ ಒಯ್ಯಿ. ಆದ್ರ ನೀನ ಬಂದು ಬಳಕೊಂಡು ಹೋಗಬೇಕು’ ಎಂದರು.

ಮರುದಿನದಿಂದ ಬೆಳಿಗ್ಗೆ ಆರಕ್ಕೆ ಅವರ ಕೊಟ್ಟಿಗೆ ಬಳಿಯುವ ಕೆಲಸ ನನ್ನದಾಯಿತು. ಉಳಿದ ಒಂದು ಎಮ್ಮೆ, ಎರಡು ಎತ್ತು. ಓಣಿಯಲ್ಲಿ ಒಂದಿಬ್ಬರು ‘ಬಿ.ಎ. ಮಾಡಿ ಹೆಂಡಿ ಬಳಿಯಾಕ ಹತ್ಯಾಳ ನೋಡ’ ಎಂದರು. ಕಾಕು ಚಹಾ ಕೊಡುತ್ತಿದ್ದರು. ಕಾಕಾ ಮೊದಲ ವಾರ ಮಾತಾಡಲಿಲ್ಲ. ಎರಡನೆಯ ವಾರ ನನ್ನ ಗುಂಡಿ ನೋಡಲು ಬಂದರು. ನಿಂತ ನೀರು ನೋಡಿ ತಲೆ ಅಲ್ಲಾಡಿಸಿದರು.

‘ಮಳಿಗಾಲದಾಗ ಗುಂಡಿ ಬ್ಯಾಡ. ಮ್ಯಾಲ ಒಟ್ಟು. ಬ್ಯಾಸಿಗ್ಯಾಗ ಗುಂಡಿ.’

ಅವರು ಹೇಳಿದಂತೆ ಎತ್ತರದ ಜಾಗದಲ್ಲಿ ಕೆಳಗೆ ಹತ್ತಿ ಕಟ್ಟಿಗೆ ಹಾಸಿದೆವು, ಗಾಳಿ ಆಡಲಿ ಎಂದು. ಅದರ ಮೇಲೆ ಅರ್ಧ ಅಡಿ ಎಲೆ, ನೀರಲ್ಲಿ ಕಲಸಿದ ಹೆಂಡಿಯ ಒಂದು ಪದರ, ಎತ್ತಿನ ಗಂಜಲ ಕುಡಿದ ಕೊಟ್ಟಿಗೆಯ ಮಣ್ಣು ಒಂದು ಬುಟ್ಟಿ, ಮತ್ತೆ ಎಲೆ. ಹೀಗೆ ಎದೆಮಟ್ಟ ಬರುವವರೆಗೆ. ತೆಂಗಿನ ಗರಿಯನ್ನು ಹಾಗೇ ಹಾಕಿದರೆ ವರ್ಷವಾದರೂ ಕೊಳೆಯುವುದಿಲ್ಲ. ಕಡ್ಡಿ ತೆಗೆದು ಕಸಬರಿಗೆ ಕಟ್ಟಿ, ಉಳಿದದ್ದನ್ನು ಕೊಚ್ಚಿ ಹಾಕಿದೆವು. ಬಾಳೆ ದಿಂಡು, ನುಗ್ಗೆ ಸೊಪ್ಪು ಬೇಗ ಕರಗಿದವು. ರಸ್ತೆ ಬದಿಯ ‘ಕಾಂಗ್ರೆಸ್ ಕಸ’ವನ್ನೂ ಕಿತ್ತು ತಂದೆ. ಪಾರ್ಥೇನಿಯಂ ಎಂಬ ಈ ಕಳೆ 1955ರ ಸುಮಾರಿಗೆ ಪುಣೆಯಲ್ಲಿ ಗುರುತಿಸಲ್ಪಟ್ಟು ಆಮೇಲೆ ದೇಶವೆಲ್ಲ ಹಬ್ಬಿತು. ಹೂ ಬಿಡುವ ಮೊದಲೇ ಕಿತ್ತು, ಕೈಗೆ ಗವಸು ಹಾಕಿಕೊಂಡು ಕೊಳೆಹಾಕಿದರೆ ಒಳ್ಳೆಯ ಹಸಿರು ಗೊಬ್ಬರ. ಹೂ ಬಿಟ್ಟದ್ದನ್ನು ಹಾಕಿದರೆ ನಾವೇ ಹೊಲಕ್ಕೆ ಬೀಜ ಬಿತ್ತಿದಂತೆ.

ಐದನೆಯ ದಿನ ಕಾಕಾ ಹಾರಿಯನ್ನು ಗುಂಪಿಯೊಳಗೆ ತೂರಿಸಿ ಸ್ವಲ್ಪ ಹೊತ್ತು ಬಿಟ್ಟು ತೆಗೆದು ‘ಮುಟ್ಟಿ ನೋಡು’ ಎಂದರು. ಕೈ ಹಿಂದೆ ಎಳೆದುಕೊಂಡೆ. ಅಷ್ಟು ಬಿಸಿ. ಸರಿಯಾಗಿ ಒಟ್ಟಿದ ಗುಂಪಿಯ ನಡುವೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಕಾವು ಏರುತ್ತದೆ. ಆ ಕಾವಿಗೆ ಬಹಳಷ್ಟು ಕಳೆಬೀಜ, ರೋಗಾಣು ಸಾಯುತ್ತವೆ. ಮೂರು ಅಡಿಗಿಂತ ಸಣ್ಣ ಗುಂಪಿಯಾದರೆ ಕಾವು ನಿಲ್ಲುವುದಿಲ್ಲ. ಕಡ್ಡಿ ಗೀರದೆಯೂ ಎಲೆಯಲ್ಲಿ ಇಷ್ಟು ಬೆಂಕಿ ಇದೆ ಎಂದು ಆವತ್ತೇ ತಿಳಿದದ್ದು.

ಗುಂಪಿಯನ್ನು ಮೂರು ಸಲ ಮಗುಚಿದೆವು. ಮಹಾನವಮಿ ಹೊತ್ತಿಗೆ ಎಲೆಯ ಗುರುತು ಅಳಿದು ಕರಿ ಮಣ್ಣಿನಂಥ ಗೊಬ್ಬರವಾಯಿತು. ಮೊದಲ ಮಳೆ ಬಿದ್ದ ನೆಲದ ವಾಸನೆ.

ಕಾಕಾಗೆ ಗೊತ್ತಿದ್ದದ್ದು, ಪುಸ್ತಕದಲ್ಲಿ ಇದ್ದದ್ದು

ಸೆಪ್ಟೆಂಬರಿನಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋಗಿದ್ದೆ. ಅಲ್ಲಿ ನೋಡಿದ್ದು, ಬಂದು ಓದಿದ್ದು ಎರಡನ್ನೂ ಕೂಡಿಸಿದರೆ ಆಶ್ಚರ್ಯವಾಯಿತು. ನಾವು ಮಳೆಗಾಲದಲ್ಲಿ ಮಾಡಿದ್ದು ಇಂದೋರ್ ಪದ್ಧತಿಗೆ ಹತ್ತಿರದ್ದು. 1924ರಿಂದ 1931ರವರೆಗೆ ಇಂದೋರಿನ ಸಂಶೋಧನಾ ಸಂಸ್ಥೆಯಲ್ಲಿದ್ದ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ರೈತರ ರೂಢಿಗಳನ್ನೂ ನೋಡಿ ರೂಪಿಸಿದ ಪದ್ಧತಿ ಅದು. ಮಗುಚುವ ಕೆಲಸ ಇದೆ, ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ.

ಇನ್ನೊಂದು ನಮ್ಮದೇ ನಾಡಿನದು, ಬೆಂಗಳೂರು ಪದ್ಧತಿ. ಪಟ್ಟಣದ ಕಸಕ್ಕಾಗಿ ಡಾ. ಸಿ. ಎನ್. ಆಚಾರ್ಯ 1939ರಲ್ಲಿ ರೂಪಿಸಿದ್ದು. ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಕೆಸರು ಮಣ್ಣಿನಿಂದ ಮೆತ್ತಿ ಮುಚ್ಚುವುದು. ಮಗುಚಬೇಕಿಲ್ಲ, ಮತ್ತೆ ನೀರು ಹಾಕಬೇಕಿಲ್ಲ. ಆರರಿಂದ ಎಂಟು ತಿಂಗಳು ಹಿಡಿಯುತ್ತದೆ. ‘ಬ್ಯಾಸಿಗ್ಯಾಗ ಗುಂಡಿ’ ಎಂದು ಕಾಕಾ ಅಂದದ್ದರ ಅರ್ಥ ಆಗ ಹೊಳೆಯಿತು. ಕುಡಿಯುವ ನೀರಿಗೇ ಕಾಯುವ ನವಲಗುಂದ, ಅಣ್ಣಿಗೇರಿ ಕಡೆಯ ಬೇಸಿಗೆಯಲ್ಲಿ ತೇವ ಉಳಿಸುವ ಪದ್ಧತಿಯೇ ಸರಿ. ಕಲಘಟಗಿ ಕಡೆ ಹಾಗಲ್ಲ. ಅಲ್ಲಿ ಮಳೆ ಹೆಚ್ಚು, ಅರೆಮಲೆನಾಡು. ಗೆಳತಿಯ ಮನೆಯಲ್ಲಿ ಸಾಗವಾನಿ ಎಲೆಯನ್ನು ತುಂಡು ಮಾಡಿ ಮರದ ನೆರಳಲ್ಲಿ ನೆಲದ ಮೇಲೇ ಒಟ್ಟುತ್ತಾರೆ. ಒಂದೇ ಜಿಲ್ಲೆ, ಎರಡು ರೀತಿ. ಮಹಾರಾಷ್ಟ್ರದ ಪುಸದದ ರೈತ ನಾರಾಯಣ ದೇವತಾವ್ ಪಾಂಢರಿಪಾಂಡೆ ಅವರ ಹೆಸರಿನ ‘ನಾಡೆಪ್’ ತೊಟ್ಟಿಯೂ ಇದೆ. ಗೋಡೆಯಲ್ಲಿ ಗಾಳಿಗೆ ತೂತು ಬಿಟ್ಟು ಕಟ್ಟುವ ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಎತ್ತರದ ಇಟ್ಟಿಗೆ ತೊಟ್ಟಿ. ನಾಲ್ಕಾರು ಮನೆ ಸೇರಿದರೆ ಅದು ಅನುಕೂಲ.

ಕಾಕಾಗೆ ಇವೆಲ್ಲ ಹೇಳಿದೆ. ‘ಹೆಸರಿಟ್ಟಾರಲ್ಲ, ಚಲೋ ಆತು’ ಎಂದರು.

ಲೆಕ್ಕ ಹಾಕಿದರೆ

ಸುಮಾರು ಮೂವತ್ತು ಚೀಲ ಎಲೆ, ಕಸ ಹಾಕಿದ್ದೆವು. ಕೊನೆಗೆ ಸಿಕ್ಕಿದ್ದು ಏಳು ಚೀಲ ಗೊಬ್ಬರ. ಇದನ್ನು ಉತ್ಪ್ರೇಕ್ಷೆ ಮಾಡಿ ಹೇಳಬಾರದು. ಇಂಥ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧದಿಂದ ಒಂದು ಪಾಲು. ಅಂದರೆ 50 ಕಿಲೊ ಗೊಬ್ಬರದಲ್ಲಿ ಹೆಚ್ಚೆಂದರೆ ಅರ್ಧ ಕಿಲೊ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ ಇರುವುದರಿಂದ ಒಂದು ಕಿಲೊ ಯೂರಿಯಾದಲ್ಲೇ ಹೆಚ್ಚು ಕಡಿಮೆ ಅಷ್ಟು ಸಿಗುತ್ತದೆ. ಹಿತ್ತಲ ಕಸದಿಂದ ನಾಲ್ಕು ಎಕರೆ ಹೊಲ ತುಂಬುವುದಿಲ್ಲ.

ಹಾಗಾದರೆ ಯಾಕೆ ಮಾಡಬೇಕು? ಯೂರಿಯಾ ಬೆಳೆಗೆ ಊಟ ಕೊಡುತ್ತದೆ, ಮಣ್ಣಿಗೆ ಜೀವ ಕೊಡುವುದಿಲ್ಲ. ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಯಲ್ಲಿ ಅಂಟಾಗುತ್ತದೆ. ಸಾವಯವ ಇಂಗಾಲ ಸೇರಿದರೆ ಮಣ್ಣು ಸಡಿಲಾಗಿ ನೀರನ್ನೂ ಗಾಳಿಯನ್ನೂ ಹಿಡಿಯುತ್ತದೆ. ಸುಟ್ಟರೆ ಎಲೆಯಲ್ಲಿದ್ದ ಸಾರಜನಕ ಬಹುಪಾಲು ಗಾಳಿಗೆ ಹೋಗುತ್ತದೆ, ಇಂಗಾಲವೂ ಹೋಗುತ್ತದೆ. ಬೂದಿಯಲ್ಲಿ ಉಳಿಯುವುದು ಪೊಟ್ಯಾಷ್, ಸುಣ್ಣ, ಒಂದಿಷ್ಟು ರಂಜಕ. ನಮ್ಮ ಏಳು ಚೀಲ ಹಿತ್ತಲಿನ ಬದನೆ, ಹೀರೆ, ಟೊಮೆಟೊಗೆ ಸಾಕಾಯಿತು. ಈ ಸಲದ ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಹಾಕುತ್ತಿದ್ದ ನೀರನ್ನು ಮೂರು ದಿನಕ್ಕೊಮ್ಮೆ ಹಾಕಿದರೂ ಗಿಡ ಬಾಡಲಿಲ್ಲ.

ಇದನ್ನೇ ಉದ್ಯೋಗ ಮಾಡಿಕೊಳ್ಳಬಹುದೇ ಎಂದು ಗೆಳೆಯರು ಕೇಳುತ್ತಾರೆ. ಮಾಡಬಹುದು, ಆದರೆ ತಿಳಿದು ಮಾಡಬೇಕು. ಗೊಬ್ಬರವನ್ನು ಚೀಲಕ್ಕೆ ತುಂಬಿ ವ್ಯಾಪಾರಕ್ಕೆ ಇಳಿದರೆ 1985ರ ರಸಗೊಬ್ಬರ ನಿಯಂತ್ರಣ ಆದೇಶ ಅಡ್ಡ ಬರುತ್ತದೆ. ಗೊಬ್ಬರಕ್ಕೆ ಕೆಟ್ಟ ವಾಸನೆ ಇರಬಾರದು, ಇಂಗಾಲ ಮತ್ತು ಸಾರಜನಕದ ಪ್ರಮಾಣ 20ಕ್ಕಿಂತ ಕಡಿಮೆ ಇರಬೇಕು ಎಂಬಂಥ ಮಾನದಂಡಗಳಿವೆ. ಮೊದಲು ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಅದಕ್ಕೂ ಮೊದಲು ಒಂದು ಗುಂಪಿ ನೀವೇ ಒಟ್ಟಿ, ನೀವೇ ಮಗುಚಿ ನೋಡಿ.

ನಮ್ಮ ಓಣಿಯಲ್ಲಿ ಈಗ ಐದು ಮನೆಯವರು ಎಲೆ ಸುಡುವುದಿಲ್ಲ, ನಮ್ಮ ಗುಂಪಿಗೆ ತಂದು ಹಾಕುತ್ತಾರೆ. ಉಳಿದವರು ಸುಡುತ್ತಾರೆ. ಅವರಿಗೆ ಭಾಷಣ ಮಾಡುವ ಮುಖ ನನಗಿಲ್ಲ. ಎಲೆಯಲ್ಲಿ ಗುಟ್ಕಾ ಚೀಟಿ ಇದ್ದರೆ ಮಾತ್ರ ಗಾಡಿ ಅಕ್ಕನ ಹಾಗೆ ಚೀಲ ವಾಪಸ್ ಕೊಡುತ್ತೇನೆ. ಪಿಡಿಒ ಪರೀಕ್ಷೆಯಲ್ಲಿ ನಾನು ಆಯ್ಕೆಯಾಗಲಿಲ್ಲ. ಮತ್ತೆ ಓದುತ್ತಿದ್ದೇನೆ. ನಾಲ್ಕನೆಯ ನಿಯಮ ಈಗ ಬಾಯಿಪಾಠ ಮಾಡುವ ಅಗತ್ಯವಿಲ್ಲ.

ದೀಪಾವಳಿ ಪಾಡ್ಯದ ದಿನ ಅಜ್ಜಿ ಎಷ್ಟೋ ವರ್ಷಗಳ ಮೇಲೆ ಒಂದು ಸಗಣಿ ಪಾಂಡವನನ್ನು ಹಿತ್ತಲಿಗೆ ಒಯ್ದು ಗುಂಪಿಯ ಮೇಲಿಟ್ಟಳು. ಕಾಕಾ ಮಾರಿದ ಎಮ್ಮೆ ವಾಪಸ್ ಬಂದಿಲ್ಲ. ಬರುವುದೂ ಇಲ್ಲ. ನಾವು ಈಗ ಪಾಕೀಟು ಹಾಲು ತರುತ್ತೇವೆ.

ಈ ವರ್ಷ ಶಿವರಾತ್ರಿಗೆ ಬೇವು ಮತ್ತೆ ಎಲೆ ಉದುರಿಸಿತು. ಗುಂಡಿಗೆ ಪದರ ಪದರವಾಗಿ ತುಂಬಿ, ಕೆಸರು ಮಣ್ಣು ಮೆತ್ತಿ ಮುಚ್ಚಿದ್ದೇವೆ. ಮಹಾನವಮಿಗೆ ತೆಗೆಯಬೇಕು. ಅದೇ ವಾರ ಕಾಕಾ ಹೊಲದಿಂದ ಕಣಕಿ ತಂದರು. ಅವರ ಹಿತ್ತಲು ದೊಡ್ಡದು, ಬಣವಿಯನ್ನು ಆಚೆ ಕೊನೆಗೆ ಒಟ್ಟಬಹುದಿತ್ತು. ಮರುದಿನ ಬೆಳಿಗ್ಗೆ ಕೊಟ್ಟಿಗೆ ಬಳಿಯಲು ಹೋದಾಗ ನೋಡಿದೆ. ಹೋದ ವರ್ಷ ಒಟ್ಟಿದ್ದ ಜಾಗದಲ್ಲೇ, ನಮ್ಮ ಗೋಡೆಗೆ ಹತ್ತಿಸಿ ಒಟ್ಟಿದ್ದರು.